14 ಶಾಖೆಗಳ ನೆಟ್‌ವರ್ಕ್: ಸ್ಟ್ಯಾಟಿಕ್ ರೂಟ್‌ಗಳಿಂದ ಓಎಸ್‌ಪಿಎಫ್‌ಗೆ ಹೋಗುವ ಕ್ರಮ ಯಾವುದು?

ಪ್ರಶ್ನೆ:
ಬೆಂಗಳೂರಿನ ಕೇಂದ್ರ ಕಚೇರಿ ಹಾಗೂ ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಸೇರಿದಂತೆ 14 ಶಾಖೆಗಳ ನೆಟ್‌ವರ್ಕ್ ನನ್ನ ಹೊಣೆಯಲ್ಲಿದೆ. ಪ್ರತಿ ಶಾಖೆಗೂ ಒಂದು ಲೀಸ್ಡ್ ಲೈನ್ (ಬಾಡಿಗೆಗೆ ಪಡೆದ ಮೀಸಲು ಸಂಪರ್ಕ), ಅದು ಕೈಕೊಟ್ಟರೆ ಇರಲಿ ಎಂದು ಬ್ರಾಡ್‌ಬ್ಯಾಂಡ್ ಮೇಲೊಂದು ಐಪಿಸೆಕ್ ಟನಲ್ (ಗೂಢಲಿಪೀಕರಿಸಿದ ಸಂಪರ್ಕ) ಇದೆ. ರೂಟ್‌ಗಳೆಲ್ಲ (ಯಾವ ವಿಳಾಸಕ್ಕೆ ಯಾವ ದಾರಿ ಎಂದು ಹೇಳುವ ಸಾಲುಗಳು) ಕೈಯಾರೆ ಬರೆದ ಸ್ಟ್ಯಾಟಿಕ್ ರೂಟ್‌ಗಳು. ಕಳೆದ ತಿಂಗಳು ಹುಬ್ಬಳ್ಳಿಯ ಲೈನ್ ದಾರಿಯಲ್ಲೆಲ್ಲೋ ಕಡಿದುಹೋಯಿತು. ಆದರೆ ನಮ್ಮ ರೂಟರಿನ ಈಥರ್ನೆಟ್ ಪೋರ್ಟ್ 'ಅಪ್' ಎಂದೇ ತೋರಿಸುತ್ತಿದ್ದುದರಿಂದ ಸ್ಟ್ಯಾಟಿಕ್ ರೂಟ್ ಕದಲಲಿಲ್ಲ. ಟನಲ್ ಸುಸ್ಥಿತಿಯಲ್ಲಿದ್ದರೂ ನಾನು ಲಾಗಿನ್ ಆಗಿ ಆ ರೂಟನ್ನು ಅಳಿಸುವ ತನಕ ಶಾಖೆಯವರು ಬಿಲ್ ಹಾಕಲಾಗದೆ ಕುಳಿತಿದ್ದರು. ರೂಟರ್‌ಗಳೇ ಪರಸ್ಪರ ಮಾಹಿತಿ ಹಂಚಿಕೊಂಡು ದಾರಿ ಆರಿಸುವ ಓಎಸ್‌ಪಿಎಫ್ ಪ್ರೋಟೋಕಾಲಿಗೆ ಹೋಗಬೇಕೆಂದಿದ್ದೇನೆ, ಆದರೆ ಎಲ್ಲವನ್ನೂ ಒಂದೇ ರಾತ್ರಿ ಬದಲಿಸುವ ಧೈರ್ಯ ನನಗಿಲ್ಲ. ಹಂತಹಂತವಾಗಿ ಮಾಡುವುದು ಹೇಗೆ?

ಉತ್ತರ 1:
ಸಿಸ್ಕೋ ರೂಟರ್‌ಗಳಲ್ಲಿ ಸ್ಟ್ಯಾಟಿಕ್ ರೂಟಿನ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ಆ ರೂಟಿಗೆ ರೂಟರ್ ಕೊಡುವ ಆದ್ಯತೆಯ ಸಂಖ್ಯೆ) 1, ಓಎಸ್‌ಪಿಎಫ್‌ನದು 110. ಒಂದೇ ಸಬ್‌ನೆಟ್‌ಗೆ (ವಿಳಾಸಗಳ ಗುಂಪಿಗೆ) ಎರಡು ರೂಟ್‌ಗಳಿದ್ದರೆ ಕಡಿಮೆ ಸಂಖ್ಯೆಯದೇ ಗೆಲ್ಲುವುದರಿಂದ, ಹಳೆಯ ರೂಟ್‌ಗಳನ್ನು ಮುಟ್ಟದೆ ಓಎಸ್‌ಪಿಎಫ್ ಅನ್ನು ಎಲ್ಲ ರೂಟರ್‌ಗಳಲ್ಲೂ ಮೊದಲೇ ಚಾಲೂ ಮಾಡಿಟ್ಟುಕೊಳ್ಳಬಹುದು. ಇಷ್ಟು ರೂಟರ್‌ಗಳಿಗೆ ಏರಿಯಾ 0 (ಓಎಸ್‌ಪಿಎಫ್‌ನ ಮೂಲ ವಿಭಾಗ) ಒಂದೇ ಸಾಕು. ನೆರೆಯ ರೂಟರ್‌ಗಳು 'ಫುಲ್' ಸ್ಥಿತಿಗೆ (ಪೂರ್ತಿ ಮಾಹಿತಿ ಹಂಚಿಕೊಂಡ ಸ್ಥಿತಿ) ಬಂದು, ಎಲ್ಲ ಶಾಖೆಗಳ ಸಬ್‌ನೆಟ್‌ಗಳೂ ಓಎಸ್‌ಪಿಎಫ್ ಡೇಟಾಬೇಸಿನಲ್ಲಿ ಕಂಡ ಮೇಲೆ, ಒಂದು ಸಣ್ಣ ಶಾಖೆಯನ್ನು ಆರಿಸಿಕೊಂಡು ಎರಡೂ ತುದಿಗಳ ಸ್ಟ್ಯಾಟಿಕ್ ರೂಟ್‌ಗಳ ಡಿಸ್ಟೆನ್ಸನ್ನು 250ಕ್ಕೆ ಏರಿಸಿ. ಸದ್ಯಕ್ಕೆ ಅಳಿಸಬೇಡಿ. ರೂಟಿಂಗ್ ಟೇಬಲಿನಲ್ಲಿ ಆ ಸಾಲಿನ ಮೊದಲ ಅಕ್ಷರ 'ಎಸ್' ಹೋಗಿ 'ಓ' ಬಂದುದನ್ನು ಕಣ್ಣಾರೆ ಕಂಡ ಬಳಿಕವೇ ಮುಂದಿನ ಶಾಖೆಗೆ ಕೈ ಹಾಕಿ. ಒಂದೇ ತುದಿಯನ್ನು ಬದಲಿಸಿದರೆ ಹೋಗುವ ದಾರಿಯೊಂದು, ಬರುವ ದಾರಿ ಇನ್ನೊಂದಾಗಿ, ಫೈರ್‌ವಾಲ್ ಸಂಪರ್ಕಗಳನ್ನು ಕಡಿದುಹಾಕುವ ಸಾಧ್ಯತೆಯಿದೆ.

ಉತ್ತರ 2:
ಮೇಲಿನ ಕ್ರಮ ಸರಿಯೇ, ಆದರೆ ಟನಲ್ ಕಡೆಗೂ ಗಮನವಿರಲಿ. ಓಎಸ್‌ಪಿಎಫ್ ಹಲೋ ಪ್ಯಾಕೆಟ್‌ಗಳು (ನೆರೆಯ ರೂಟರ್ ಇದೆಯೇ ಎಂದು ನೋಡುವ ಸಂದೇಶಗಳು) 224.0.0.5 ಎಂಬ ಮಲ್ಟಿಕಾಸ್ಟ್ (ಒಂದೇ ಸಲ ಹಲವರಿಗೆ ಕಳಿಸುವ) ವಿಳಾಸಕ್ಕೆ ಹೋಗುತ್ತವೆ. ಕ್ರಿಪ್ಟೋ ಮ್ಯಾಪ್ (ಯಾವ ಟ್ರಾಫಿಕ್ ಗೂಢಲಿಪೀಕರಿಸಬೇಕೆಂಬ ನಿಯಮಪಟ್ಟಿ) ಮಾತ್ರ ಇರುವ ಐಪಿಸೆಕ್ ಅವನ್ನು ಒಯ್ಯುವುದಿಲ್ಲವಾದ್ದರಿಂದ ಜಿಆರ್‌ಇ ಅಥವಾ ವಿಟಿಐ ಎಂಬ ಟನಲ್ ಇಂಟರ್‌ಫೇಸ್ ಬೇಕಾಗುತ್ತದೆ. ಎರಡು ತುದಿಗಳ ಎಂಟಿಯು (ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ) ಹೊಂದದಿದ್ದರೆ ನೆರೆಯ ರೂಟರ್ 'ಫುಲ್'ಗೆ ಬಾರದೆ 'ಎಕ್ಸ್‌ಸ್ಟಾರ್ಟ್' ಎಂಬ ಆರಂಭದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಎಂಟಿಯು ತಪಾಸಣೆಯನ್ನೇ ಕೈಬಿಡುವ ಕಮಾಂಡ್ ಇದೆಯಾದರೂ, ಅದು ರೋಗವನ್ನು ಮುಚ್ಚಿಡುವ ಕೆಲಸ ಎಂಬುದು ನನ್ನ ಅಭಿಪ್ರಾಯ. ಟನಲಿನ ಕಾಸ್ಟ್ (ಕಡಿಮೆ ಇದ್ದ ದಾರಿಯನ್ನೇ ಓಎಸ್‌ಪಿಎಫ್ ಆರಿಸುವ ಅಂಕ) ಅನ್ನು ಲೀಸ್ಡ್ ಲೈನಿನದಕ್ಕಿಂತ ಹೆಚ್ಚಾಗಿ ನೀವೇ ಬರೆಯಿರಿ. ಹಲೋ 10 ಸೆಕೆಂಡಿಗೊಮ್ಮೆ, ಹಲೋ ಬಾರದಿದ್ದರೆ ನೆರೆಯ ರೂಟರ್ ಇಲ್ಲವೆಂದು ತಿಳಿಯುವ ಡೆಡ್ ಅವಧಿ 40 ಸೆಕೆಂಡ್ ಎಂಬ ರೂಢಿಯ ಲೆಕ್ಕದಲ್ಲಿ ಹುಬ್ಬಳ್ಳಿಯಂಥ ಘಟನೆ 40 ಸೆಕೆಂಡಿನೊಳಗೆ ತಿಳಿಯುತ್ತದೆ. ಅದೂ ಹೆಚ್ಚೆನಿಸಿದರೆ ಕಡಿತವನ್ನು ಇನ್ನೂ ಬೇಗ ಪತ್ತೆಹಚ್ಚುವ ಬಿಎಫ್‌ಡಿ ಪ್ರೋಟೋಕಾಲ್ ಸೇರಿಸಿ.

ಪ್ರಶ್ನೆ ಕೇಳಿದವರು:
ಮಂಗಳೂರು ಶಾಖೆಯಲ್ಲಿ ಮಾಡಿ ನೋಡಿದೆ. 'ಓ' ಬಂತು, ಆದರೆ ಲೀಸ್ಡ್ ಲೈನ್ ತೆಗೆದಾಗ ಒಂದು ಸರ್ವರ್ ಮಾತ್ರ ಸಿಗಲಿಲ್ಲ. ಹುಡುಕಿದಾಗ, ಹಿಂದೆ ಯಾರೋ ಬರೆದಿಟ್ಟ /25 ಸ್ಟ್ಯಾಟಿಕ್ ರೂಟ್ ಸಿಕ್ಕಿತು. ಓಎಸ್‌ಪಿಎಫ್‌ನಿಂದ ಬಂದದ್ದು /24 ಆದ್ದರಿಂದ, ಡಿಸ್ಟೆನ್ಸ್ ಎಷ್ಟು ಏರಿಸಿದರೂ ಹೆಚ್ಚು ಉದ್ದದ ಪ್ರಿಫಿಕ್ಸೇ (ಇನ್ನೂ ಚಿಕ್ಕ ವಿಳಾಸ ಗುಂಪನ್ನು ಸೂಚಿಸುವ /25) ಗೆಲ್ಲುತ್ತಿತ್ತು. ಅದೊಂದನ್ನು ಅಳಿಸಿದೆ. ಉಳಿದ 13 ಶಾಖೆಗಳಲ್ಲಿ ಇಂಥವು ಎಷ್ಟಿವೆಯೆಂದು ಈಗ ಪಟ್ಟಿ ಮಾಡುತ್ತಿದ್ದೇನೆ.