ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ, ಏಳು ತಿಂಗಳ ನೀರು: ಯಾವ ಮೀನು ಬಿಡಬೇಕು?

ಚಳ್ಳಕೆರೆ_ಹೊಲ:
21×21 ಮೀಟರ್, 3 ಮೀಟರ್ ಆಳದ ಕೃಷಿ ಹೊಂಡ, ಪಾಲಿಥೀನ್ ಹಾಸಿದ್ದು. ಸೆಪ್ಟೆಂಬರ್‌ಗೆ ತುಂಬುತ್ತೆ, ಏಪ್ರಿಲ್‌ಗೆ ತಳ ಕಾಣುತ್ತೆ. ನೀರು ಮೊದಲು ಬೆಳೆಗೆ, ಆಮೇಲೆ ಮೀನಿಗೆ. ಒಬ್ಬರು ಕಾಟ್ಲಾ ಅಂತಾರೆ, ಇನ್ನೊಬ್ಬರು ಜಿಲೇಬಿ (ತಿಲಾಪಿಯಾ), ಮತ್ತೊಬ್ಬರು ಹೊಂಡ ಬಿಡಿ, ಬಯೋಫ್ಲಾಕ್ ತೊಟ್ಟಿ (ಸದಾ ಗಾಳಿ ಊದಿ, ಬ್ಯಾಕ್ಟೀರಿಯಾದಿಂದ ನೀರು ಶುಚಿ ಇಟ್ಟು ಒತ್ತಾಗಿ ಮೀನು ಸಾಕೋದು) ಹಾಕಿ ಅಂತಾರೆ. ದಿನಕ್ಕೆ 7 ತಾಸು ಕರೆಂಟು. ಯಾವ ಜಾತಿ, ಎಷ್ಟು ಮರಿ, ಏನು ಮೇವು?

ಗೆಂಡೆಬಲೆ:
ಜಾತಿ ಆರಿಸೋ ಮುಂಚೆ ತಿಂಗಳು ಎಣಿಸಿ ಸರ್. ಬೆರಳುದ್ದದ ಕಾಟ್ಲಾ ಮರಿ ಮಾರೋ ತೂಕಕ್ಕೆ ಬರೋಕೆ 10–12 ತಿಂಗಳು ಬೇಕು. ನಿಮಗಿರೋದು ಏಳೇ, ಅದರಲ್ಲೂ ಡಿಸೆಂಬರ್–ಜನವರಿ ಚಳಿಗೆ ಮೇವು ಮುಟ್ಟೋದು ಕಮ್ಮಿ. ಹಾಗಾಗಿ 50–100 ಗ್ರಾಂ ತೂಗೋ ಬಲಿತ ಮರಿ ತನ್ನಿ. ಒತ್ತೊತ್ತಾಗಿ ಸಾಕಿ ಬೆಳವಣಿಗೆ ತಡೆದ ಮರಿಗಳಿವು. ವಿಶಾಲ ನೀರು ಸಿಕ್ಕಿದ ಕೂಡಲೇ ಬಾಕಿಯೆಲ್ಲ ತೀರಿಸಿಕೊಳ್ಳುತ್ತವೆ.

ಹೊಂಡದ ಬಾಯಿ 441 ಚದರ ಮೀಟರ್ ಅಂತ ಅದಕ್ಕೇ ಲೆಕ್ಕ ಕಟ್ಟಬೇಡಿ. ಬದು 1:1 ಇಳಿಜಾರಿದ್ದರೆ (ಒಂದು ಮೀಟರ್ ಕೆಳಗೆ ಹೋದಂತೆ ಒಂದು ಮೀಟರ್ ಒಳಗೆ), ಅರ್ಧ ಆಳಕ್ಕೆ ನೀರು ಇಳಿದಾಗ ಉಳಿಯೋದು 18×18, ಅಂದರೆ 324. ಚದರ ಮೀಟರಿಗೆ ಒಂದಕ್ಕಿಂತ ಹೆಚ್ಚು ಬೇಡ, 300 ಮರಿ ಸಾಕು: ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) 150, ರೋಹು 90, ಕಾಟ್ಲಾ 60. ಮೃಗಾಲ್ ಬೇಡ, ಅದೂ ಗೆಂಡೆಯೂ ತಳದಲ್ಲೇ ಮೇಯೋವು, ಸುಮ್ಮನೆ ಪೈಪೋಟಿ. ಗೆಂಡೆಯಲ್ಲಿ ಅಮೂರ್ ತಳಿಯನ್ನೇ ಕೇಳಿ. ಹಂಗೇರಿಯಿಂದ ಬಂದದ್ದು, ಬೆಂಗಳೂರು ಹತ್ತಿರದ ಹೆಸರಘಟ್ಟದ ಮೀನು ಸಂಶೋಧನಾ ಕೇಂದ್ರದಲ್ಲಿ ಪರೀಕ್ಷೆಯಾದದ್ದು. ಹಳೇ ತಳಿ ಆರು ತಿಂಗಳಿಗೇ ಮೊಟ್ಟೆ ಕಟ್ಟುತ್ತೆ, ತಿಂದದ್ದೆಲ್ಲ ಮೊಟ್ಟೆಗೆ ಹೋಗುತ್ತೆ, ಮಾಂಸಕ್ಕಲ್ಲ. ಅಮೂರ್ ತಡವಾಗಿ ಬಲಿಯುತ್ತೆ.

ಪ್ಲಾಸ್ಟಿಕ್ ಇರೋದರಿಂದ ಮಣ್ಣಿನ ಸತ್ವ ನೀರಿಗೆ ಸಿಗಲ್ಲ, ಪ್ಲವಕ (ಮೀನು ತಿನ್ನೋ, ನೀರಲ್ಲಿ ತೇಲೋ ಸೂಕ್ಷ್ಮ ಜೀವಿ) ತಾನಾಗಿ ಹುಟ್ಟಲ್ಲ. 40 ಕೆ.ಜಿ. ಸಗಣಿಯನ್ನು ಎರಡು ಗೋಣಿಚೀಲಕ್ಕೆ ತುಂಬಿ ಮೂಲೆಗೆ ಇಳಿಬಿಡಿ, ದಿನಕ್ಕೊಮ್ಮೆ ಅಲ್ಲಾಡಿಸಿ. ನೇರ ಸುರಿದರೆ ತಳದಲ್ಲಿ ಕೊಳೆತು ಕೆಟ್ಟ ಗಾಳಿ ಏಳುತ್ತೆ. ಸುಣ್ಣ ಪಿಎಚ್ 7ಕ್ಕಿಂತ ಕೆಳಗಿದ್ದರೆ ಮಾತ್ರ, 9 ಕೆ.ಜಿ. ಪ್ಲವಕ ಎಷ್ಟಿದೆ ಅಂತ ತಿಳಿಯೋಕೆ ತೋಳನ್ನು ನೀರಿಗಿಳಿಸಿ ನೋಡಿ: ಮೊಣಕೈ ಮುಳುಗೋ ಹೊತ್ತಿಗೆ ಅಂಗೈ ಮಸುಕಾದರೆ ಸರಿ. ಮಣಿಕಟ್ಟಿಗೇ ಮಾಯವಾದರೆ ಸಗಣಿ ಚೀಲ ಎತ್ತಿಬಿಡಿ.

ಮೇವು: ಶೇಂಗಾ ಹಿಂಡಿ, ಅಕ್ಕಿ ತೌಡು ಸಮಸಮ (ಹಿಂಡಿಗೆ ನಿಮ್ಮೂರಲ್ಲೇನು ಬರ!). ಮೀನಿನ ಒಟ್ಟು ತೂಕದ ಶೇ. 3. ತಲಾ 75 ಗ್ರಾಂನ 300 ಮರಿಗೆ ದಿನಕ್ಕೆ ಸುಮಾರು 675 ಗ್ರಾಂ. ತೂತು ಮಾಡಿದ ಚೀಲದಲ್ಲಿ ಕಟ್ಟಿ ತೂಗುಬಿಡಿ, ಸಂಜೆ ನೋಡಿ. ಮಿಕ್ಕಿದ್ದರೆ ಮಾರನೇ ದಿನ ಕಡಿಮೆ ಮಾಡಿ. ತಿಂಗಳಿಗೊಮ್ಮೆ ಬೀಸುಬಲೆಯಲ್ಲಿ ಹದಿನೈದು ಮೀನು ತೂಗಿ ಲೆಕ್ಕ ಸರಿ ಮಾಡಿಕೊಳ್ಳಿ. ಬೂಷ್ಟು ಹಿಡಿದ ಹಿಂಡಿ ಬೇಡವೇ ಬೇಡ.

ಗಾಳಿಪಂಪು:
7 ತಾಸು ಕರೆಂಟಿಗೆ ಬಯೋಫ್ಲಾಕ್ ಮರೆತುಬಿಡಿ. ಅಲ್ಲಿ ಮೀನಿನ ಜೊತೆ ಫ್ಲಾಕ್ (ತೇಲೋ ಬ್ಯಾಕ್ಟೀರಿಯಾ ಮುದ್ದೆ) ಕೂಡ ಉಸಿರಾಡುತ್ತೆ. ಗಾಳಿ ನಿಂತ ಅರ್ಧ ತಾಸಿಗೆ ಫ್ಲಾಕ್ ತಳಕ್ಕೆ ಕೂರುತ್ತೆ, ಮೀನು ಮೇಲೆ ಬಂದು ಬಾಯಿ ಬಿಡುತ್ತೆ. ಆಮೇಲೆ ಉಳಿಸೋದು ಕಷ್ಟ. ಮೀನಿನ ಕಸದಿಂದ ಏಳೋ ಅಮೋನಿಯಾ ಮೀನಿಗೇ ವಿಷ, ಅದರ ಪರೀಕ್ಷೆ ಬೇರೆ ಮಾಡ್ತಾ ಇರಬೇಕು. 4 ಮೀಟರ್ ಅಗಲದ ತೊಟ್ಟಿ, 1 ಮೀಟರ್ ನೀರು ಅಂದರೆ 12,500 ಲೀಟರ್. ಲೀಟರಿಗೆ 1 ಮಿಲಿಗ್ರಾಂ ಬಂತು ಅಂದರೆ ಒಟ್ಟು 12.5 ಗ್ರಾಂ, ಅದನ್ನು ಬ್ಯಾಕ್ಟೀರಿಯಾ ತಿಂದು ಮುಗಿಸೋಕೆ ಅದರ 20 ಪಟ್ಟು ಸಕ್ಕರೆ ಅಂಶ ಬೇಕು, ಹತ್ತಿರ ಹತ್ತಿರ 300 ಗ್ರಾಂ ಬೆಲ್ಲ. ಇನ್ವರ್ಟರ್, ಜನರೇಟರ್ ಎರಡೂ ಇಲ್ಲದವರಿಗಲ್ಲ ಅದು.

ಜಿಲೇಬಿ ಹೊಂಡದಲ್ಲೇ ಮರಿ ಹಾಕಿ ಹಾಕಿ ಕೊನೆಗೆ ಕೈಗೆ ಬರೋದು ಅಂಗೈಯಗಲದ್ದು. ಮರಿ ಹಾಕದಿರಲಿ ಅಂತ ಗಂಡು ಮರಿಗಳನ್ನೇ ಸಾಕೋಕೆ ಅನುಮತಿ ಬೇಕು. ನಿಮ್ಮ ಹೊಂಡ ತುಂಬಿ ಹರಿದರೆ ನೀರು ಹಳ್ಳ ಸೇರಿ ಊರ ಕೆರೆಗೆ ತಾನೇ ಹೋಗೋದು? ಅಲ್ಲಿ ಒಮ್ಮೆ ನೆಲೆಯೂರಿದರೆ ತೆಗೆಯೋರಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ದೇಶದಲ್ಲೇ ನಿಷೇಧ ಇದೆ, ಯಾವ ಹೆಸರಲ್ಲಿ ಕೊಟ್ಟರೂ ತರಬೇಡಿ.

ಚಳ್ಳಕೆರೆ_ಹೊಲ:
ಸರಿ, ಗೆಂಡೆನೇ. ಆದರೆ ಈ ನೀರು ಡ್ರಿಪ್‌ಗೆ ಹೋಗುತ್ತೆ. ಹಸಿರು ಕಟ್ಟಿಕೊಳ್ಳಲ್ವಾ?

ಮಡಕೆನೀರು:
ಕಟ್ಟುತ್ತೆ. ಸ್ಕ್ರೀನ್ ಫಿಲ್ಟರ್ (ಜಾಲರಿಯದ್ದು) ಒಂದೇ ಸಾಲದು, ಅದಕ್ಕೂ ಮುಂಚೆ ಸ್ಯಾಂಡ್ ಫಿಲ್ಟರ್ (ಮರಳಿನದ್ದು) ಬೇಕು. ಪಾಚಿ ಮೇಲಿರುತ್ತೆ, ಕೆಸರು ತಳದಲ್ಲಿ. ಫುಟ್‌ವಾಲ್ವನ್ನು (ಪಂಪು ನೀರು ಹೀರೋ ಪೈಪಿನ ತುದಿ) ತೇಲೋ ಖಾಲಿ ಡ್ರಮ್ಮಿಗೆ ಕಟ್ಟಿ ನಡು ಆಳಕ್ಕೆ ಇಳಿಬಿಡಿ, ಮರಿ ಒಳಗೆ ಹೋಗದಂತೆ ನೈಲಾನ್ ಜಾಳಿಗೆ ಸುತ್ತಿ. ಆ ನೀರಲ್ಲಿ ಗೊಬ್ಬರದಂಶ ಇರುತ್ತೆ, ಬೆಳೆಗೆ ಲಾಭವೇ.

ಯಾರೂ ಹೇಳದ್ದು ಒಂದಿದೆ. ಹೊಂಡಕ್ಕೆ ಬರೋದು ಹೊಲದ ಮೇಲೆ ಹರಿದ ನೀರು. ಸೈಪರ್‌ಮೆಥ್ರಿನ್ ತರಹದ ಕೀಟನಾಶಕ ಹೊಡೆದ ಮೇಲಿನ ಮೊದಲ ಮಳೆ ಒಳಗೆ ಬಂದರೆ ಮೀನು ಉಳಿಯಲ್ಲ, ತೀರಾ ಸ್ವಲ್ಪವೇ ಸಾಕು. ಒಳಗಾಲುವೆಗೆ ಮಣ್ಣುಚೀಲ ಅಡ್ಡ ಇಟ್ಟು ಆ ನೀರನ್ನು ಆಚೆ ಬಿಡಿ. ಎರಡು ಮೂರು ದಿನ ಮೋಡ ಮುಸುಕಿದರೆ ಮೇವು, ಸಗಣಿ ಎರಡೂ ನಿಲ್ಲಿಸಿ, ಇಲ್ಲದಿದ್ದರೆ ಬೆಳಗಿನ ಜಾವ ಆಮ್ಲಜನಕ ಕುಸಿಯುತ್ತೆ.

ಹಿಡಿಯೋಕೆ ಏಪ್ರಿಲ್ ಕಾಯಬೇಡಿ. ಫೆಬ್ರವರಿಯಲ್ಲಿ ನೀರು ಒಂದೂವರೆ ಮೀಟರ್‌ಗೆ ಇಳಿದಾಗಿಂದ ದೊಡ್ಡವನ್ನು ಆರಿಸಿ ತೆಗೀತಾ ಬನ್ನಿ. ಎಳೆಬಲೆಯ ಕಬ್ಬಿಣದ ಗುಂಡು ಹಾಳೆ ಹರಿಯುತ್ತೆ, ಬದಲಿಗೆ ದಪ್ಪ ಹಗ್ಗ ಕಟ್ಟಿಸಿ. ಪಾಚಿ ಹಿಡಿದ ಪ್ಲಾಸ್ಟಿಕ್ ಮೇಲೆ ಕಾಲು ನಿಲ್ಲಲ್ಲ, ಈಜು ಬಂದವರಿಗೂ ಹತ್ತಿ ಬರೋಕಾಗಲ್ಲ. ಮರಿ ಬಿಡೋ ಮುಂಚೆಯೇ ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ ಇಳಿಬಿಡಿ, ಸುತ್ತ ಬೇಲಿ ಹಾಕಿ.