ಓಟಿನ ದಿನ ರಜಾ ಕೊಟ್ರೆ ಸಾಕಾ?

ಪ್ರಶ್ನೆ: ಪೀಣ್ಯದಲ್ಲಿ ಚಿಕ್ಕ ವರ್ಕ್‌ಶಾಪ್ ನಮ್ದು, ಹುಡುಗ್ರು ಜಾಸ್ತಿ ಕಲಬುರಗಿ ಕಡೆಯವ್ರು, 2024ರಲ್ಲಿ ಇಲ್ಲಿ ಏಪ್ರಿಲ್ 26ಕ್ಕೆ ಓಟು ಅವ್ರೂರಲ್ಲಿ ಮೇ 7ಕ್ಕೆ, ನಾನು 26ಕ್ಕೆ ಮಾತ್ರ ರಜಾ ಕೊಟ್ಟಿದ್ದೆ, ಅರ್ಧ ಜನ ಓಟೇ ಹಾಕ್ಲಿಲ್ಲ. ಮುಂದಿನ ಸಲ ಏನ್ ಮಾಡ್ಬೋದು?

ಉತ್ತರ 1: ಸರ್, ಅವ್ರ ಓಟಿರೋ ದಿನಾನೇ ಸಂಬಳ ಸಮೇತ ರಜಾ ಕೊಡ್ಬೇಕು, ದಿನಗೂಲಿಯವ್ರಿಗೂ. 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆ ಸೆಕ್ಷನ್ 135ಬಿ ನೋಡಿ. ದಂಡ ಹೆಚ್ಚಂದ್ರೆ 500 ರೂಪಾಯಿ, ಅದ್ಕೇ ಯಾರೂ ಕೇರ್ ಮಾಡಲ್ಲ ಬಿಡಿ.

ಉತ್ತರ 2: ಒಂದಿನದಲ್ಲಿ ಕಲಬುರಗಿಗೆ ಹೋಗ್ಬರೋಕಾಗುತ್ತಾ ಗುರು? ಹಿಂದಿನ ಸಂಜೆನೇ ಬಸ್ಸಿಗೆ ಬಿಡಿ, ಮಾರನೇ ದಿನ ಲೇಟಾದ್ರೆ ಬೈಬೇಡಿ. ಇಲ್ಲೇ ಸೆಟ್ಲ್ ಆಗಿರೋರಿಗೆ ಫಾರ್ಮ್ 8 ತುಂಬ್ಸಿ ಓಟರ್ ಲಿಸ್ಟಲ್ಲಿರೋ ಹೆಸ್ರು ಇಲ್ಲಿಗೆ ಶಿಫ್ಟ್ ಮಾಡ್ಸಿ.

ಉತ್ತರ 3: ಬೆಂಗಳೂರಲ್ಲಿ ಕೆಲವು ಹೋಟೆಲ್‌ನವ್ರು ಬೆರಳಿನ ಇಂಕ್ ತೋರ್ಸಿದ್ರೆ ಫ್ರೀ ದೋಸೆ ಕೊಟ್ರಲ್ಲ, ಅದೂ ಚೆನ್ನಾಗಿತ್ತು. ಯಾರಿಗೆ ಹಾಕ್ದೆ ಅಂತ ಮಾತ್ರ ಕೇಳ್ಬೇಡಿ, ಓನರ್ ಕೇಳಿದ್ರೆ ಹುಡುಗ್ರು ಹೆದರ್ತಾರೆ.