ಸಿಂಥಸೈಜರ್ ನಾಬ್‌ಗೆ ಕನ್ನಡ ಹೆಸರು: ಡಿಕೇ, ರಿಲೀಸ್ ಎರಡೂ 'ಇಳಿ'ನಾ?

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಒಂದು ಡಿಜಿಟಲ್ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಕಟ್ಟುತ್ತಿದ್ದೇನೆ. ಟೀನ್ಸಿ 4.0 ಅನ್ನುವ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್, ಅದರದ್ದೇ ಆಡಿಯೊ ಲೈಬ್ರರಿ, ನಾಬ್ ತಿರುಗಿಸಲು ಒಂದಿಷ್ಟು ಪೊಟೆನ್ಶಿಯೊಮೀಟರ್, ಅಷ್ಟೇ. ವಿರಾಜಪೇಟೆಯಲ್ಲಿ ನಾವು ಮೂರ್ನಾಲ್ಕು ಜನ ಸಂಜೆ ಕೂತು, ಏನೂ ಬರೆದಿಟ್ಟುಕೊಳ್ಳದೆ ಸುಮ್ನೆ ಬಂದ ಹಾಗೆ ನುಡಿಸುವುದಕ್ಕೆ. ಮಳೆಗಾಲದಲ್ಲಿ ಬೇರೇನು ಮಾಡೋದು, ಅಲ್ವಾ?

ನಾಬ್‌ಗಳ ಕೆಳಗೆ ಕನ್ನಡದಲ್ಲೇ ಹೆಸರು ಬರೆಯಬೇಕು ಅಂತಿದೆ. ಕೆಲವು ಸುಲಭಕ್ಕೆ ಸಿಕ್ಕವು. ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗುವ ಪೋರ್ಟಮೆಂಟೊಗೆ ಕರ್ನಾಟಕ ಸಂಗೀತದ 'ಜಾರು' ಇದ್ದೇ ಇದೆ. ಸದ್ದನ್ನು ಸೋಸುವ ಫಿಲ್ಟರ್ ಫಿಲ್ಟರೇ ಇರಲಿ, ಕೊಡಗಿನಲ್ಲಿ ಅದನ್ನು ಓದಿದವರು ಕಾಫಿ ಕೇಳಿದರೆ ಕೇಳಲಿ.

ತೊಡಕಿರುವುದು ಎನ್ವೆಲಪ್‌ನ, ಅಂದರೆ ಒಂದು ಸ್ವರದ ಸದ್ದು ಹೇಗೆ ಏರಿ ಇಳಿಯಬೇಕು ಅನ್ನುವುದರ, ನಾಲ್ಕು ನಾಬ್‌ಗಳಲ್ಲಿ. ಕೀ ಒತ್ತಿದಾಗ ಸದ್ದು ತುದಿ ಮುಟ್ಟಲು ಹಿಡಿಯುವ ಹೊತ್ತು ಅಟ್ಯಾಕ್. ಅಲ್ಲಿಂದ ಸ್ವಲ್ಪ ತಗ್ಗುವ ಹೊತ್ತು ಡಿಕೇ. ತಗ್ಗಿ ಎಲ್ಲಿ ನಿಲ್ಲುತ್ತದೋ ಆ ಮಟ್ಟ ಸಸ್ಟೇನ್. ಬೆರಳು ತೆಗೆದ ಮೇಲೆ ಪೂರ್ತಿ ಇಲ್ಲವಾಗುವ ಹೊತ್ತು ರಿಲೀಸ್. ನಮ್ಮ ಕೊಡಗಿನ ಪುಟ್ಟ ಚರ್ಮವಾದ್ಯ ದುಡಿಯಂಥ ಸದ್ದು ಬೇಕಾದರೆ ಅಟ್ಯಾಕ್ ಒಂದೆರಡು ಮಿಲಿಸೆಕೆಂಡು, ಸಸ್ಟೇನ್ ಸೊನ್ನೆ. ಕೊಂಬಿನಂತೆ ಊದಿದಷ್ಟು ಹೊತ್ತೂ ಮೊಳಗಬೇಕಾದರೆ ಸಸ್ಟೇನ್ ಪೂರ್ತಿ ಮೇಲೆ.

ಅಟ್ಯಾಕ್‌ಗೆ 'ಏರು' ಸರಿ ಅನಿಸುತ್ತದೆ. ಸಸ್ಟೇನ್‌ಗೆ ಒಬ್ಬರು 'ಕಾರ್ವೆ' ಅಂದರು, ನನಗೆ ಒಪ್ಪಿಗೆಯಾಗಲಿಲ್ಲ. ಕಾರ್ವೆ ಅಂದರೆ ಸ್ವರವನ್ನು ಇಷ್ಟು ಅಕ್ಷರಕಾಲ ಹಿಡಿದು ನಿಲ್ಲಿಸುವುದು, ಅದು ಕಾಲದ ಲೆಕ್ಕ. ಇಲ್ಲಿ ನಾಲ್ಕರಲ್ಲಿ ಸಸ್ಟೇನ್ ಒಂದೇ ಕಾಲವಲ್ಲ, ಸದ್ದಿನ ಮಟ್ಟ. ಹಾಗಾಗಿ 'ನಿಲುವು' ಅಂತ ಇಟ್ಟಿದ್ದೇನೆ.

ಉಳಿದ ಎರಡಕ್ಕೂ ಬಾಯಿಗೆ ಬರುವುದು 'ಇಳಿ'. ಆದರೆ ಬೆರಳು ಕೀ ಮೇಲಿದ್ದಾಗಲೇ ಇಳಿಯುವುದು ಬೇರೆ, ಬೆರಳು ತೆಗೆದ ಮೇಲೆ ಇಳಿಯುವುದು ಬೇರೆ. ಎರಡನೆಯದಕ್ಕೆ 'ಆರು' ಅಂತ ಯೋಚಿಸಿದ್ದೆ, ದೀಪ ಆರಿದ ಹಾಗೆ. ನಾಬ್ ಕೆಳಗೆ ಬರೆದರೆ ಎಲ್ಲರೂ ಐದು ಎಲ್ಲಿ ಅಂತ ಹುಡುಕುತ್ತಾರೆ! ಸದ್ದಡಗುವುದು ಅನ್ನುತ್ತೇವಲ್ಲ, ಅದರಿಂದ 'ಅಡಗು' ತೆಗೆದುಕೊಳ್ಳಬಹುದಾ? ಅಥವಾ ಬಚ್ಚಿಟ್ಟುಕೊಳ್ಳುವ ಅರ್ಥವೇ ಮೊದಲು ಹೊಳೆಯುತ್ತದಾ? 'ಕ್ಷಯ', 'ವಿಮೋಚನೆ' ತರಹದ್ದು ದಯವಿಟ್ಟು ಬೇಡ, ಆಸ್ಪತ್ರೆ ಜೈಲು ನೆನಪಾಗುತ್ತದೆ. ಜಾಗವೂ ಇಲ್ಲ, ಮೂರಕ್ಷರ ದಾಟಿದರೆ ಪಕ್ಕದ ನಾಬ್‌ಗೆ ತಾಗುತ್ತದೆ.

ಇನ್ನೊಂದು ಮಾತು. ಹೊಡೆದ ಮೇಲೆ ಸದ್ದು ಕರಗುತ್ತಾ ಹೋಗುವುದಕ್ಕೆ ವಾಲಗದವರು, ದುಡಿ ಬಾರಿಸುವವರು ತಮ್ಮಲ್ಲೇ ಏನಾದರೂ ಅನ್ನುತ್ತಾರಾ? ಇಲ್ಲಿಯ ನುಡಿಗಳಾದ ಕೊಡವ ತಕ್ಕ್, ಅರೆಭಾಷೆ ಬಲ್ಲವರು ಇದ್ದರೆ ದಯವಿಟ್ಟು ತಿಳಿಸಿ, ಅಲ್ಲಿಯ ಪದವಾದರೂ ನಡೆಯುತ್ತದೆ.